ಐದನೆಯ ಮಾತು

ಹೋದ ತಿಂಗಳು ಸಕ್ಕರೆ ಪರೀಕ್ಷೆಗೆಂದು ಹೊಸಕೋಟೆ ಬಸ್ ನಿಲ್ದಾಣದ ಹಿಂದಿರುವ ಲ್ಯಾಬಿಗೆ ಹೋಗಿದ್ದೆ. ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ನರ ಇದ್ದ ಜಾಗವನ್ನು ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮುಖ ಕಿವುಚಿಕೊಂಡೆ. ಮುದುಕ ಸೂಜಿಗೆ ಹೆದರಿದ ಎಂದು ಅವಳು ತಿಳಿದುಕೊಂಡಳು. "ಏನೂ ಆಗಲ್ಲ ತಾತ, ಆ ಕಡೆ ನೋಡಿ" ಎಂದಳು. ನಾನು ಆ ಕಡೆ ತಿರುಗಿದೆ. ಅಲ್ಲಿ ಗೋಡೆಯ ಮೇಲೊಂದು ಕ್ಯಾಲೆಂಡರ್ ಇತ್ತು. ನನಗೆ ಕಂಡದ್ದು ಮಾತ್ರ ನಮ್ಮ ಕೇರಿಯ ಕಂಪೌಂಡರು.

ಕೆರೆ ಏರಿಯಿಂದ ಈಚೆಗೆ ಮೂವತ್ತು ಮನೆಗಳ ಕ್ರೈಸ್ತ ಕೇರಿ ನಮ್ಮದು. ಒಂದು ತುದಿಗೆ ಹಂಚಿನ ಚಾವಣಿಯ ಚರ್ಚು, ಇನ್ನೊಂದು ತುದಿಗೆ ಮಿಷನ್ನಿನವರ ಎರಡು ಕೋಣೆಯ ದವಾಖಾನೆ, ನಡುವೆ ನಾನು ಪಾಠ ಹೇಳುತ್ತಿದ್ದ ಶಾಲೆ. ಡಾಕ್ಟರು ಬೆಂಗಳೂರಿನಿಂದ ವಾರಕ್ಕೊಂದು ಸಲ ಬಂದು ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಔಷಧಿ ಬೆರೆಸುವ ಕಂಪೌಂಡರೇ ಊರಿಗೆಲ್ಲ ಡಾಕ್ಟರು. ಕುಳ್ಳಗಿನ ಆಳು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಅಂಗಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿಟ್ಟ ಹತ್ತಿ. ನಾಲ್ಕನೆಯ ಕ್ಲಾಸಿಗಿಂತ ಮೇಲೆ ಓದಿರಲಿಲ್ಲ. ಬೆಂಗಳೂರಿನ ಯಾವುದೋ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡು ಗುಡಿಸುತ್ತಾ ಗುಡಿಸುತ್ತಾ ಕೆಲಸ ಕಲಿತವರು. ಅವರು ಹತ್ತಿರ ಬಂದರೆ ಮೊದಲು ಸ್ಪಿರಿಟಿನ ವಾಸನೆ ಬರುತ್ತಿತ್ತು, ಆಮೇಲೆ ಅವರು.

ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ನನ್ನನ್ನು ಒಳ್ಳೆಯವನೆಂದು ನಂಬಿ ಮೋಸ ಹೋಗಬಹುದು. ಅವರೆಕಾಯಿ ಕಾಲದಲ್ಲಿ ಸಮೇತನಹಳ್ಳಿ ಕಡೆಯ ರೈತರು ಗಾಡಿ ನಿಲ್ಲಿಸಿ, ಸೊಗಡು ಘಮ್ಮೆನ್ನುವ ಕಾಯನ್ನು ಅವರ ಜಗುಲಿಯ ಮೇಲೆ ಸುರಿದು ಹೋಗುತ್ತಿದ್ದರು. ಅದೇ ರೈತರ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿ ಗಂಟಲು ಒಣಗಿಸಿಕೊಂಡವನು ನಾನು. ನನಗೆ ಗಾಡಿಯ ಮೇಲಿಂದಲೇ ಒಂದು ನಮಸ್ಕಾರ. ಅವರೆಕಾಯಿ ನನಗೇನೂ ಪ್ರಾಣವಲ್ಲ. ಆದರೂ ಆ ಜಗುಲಿಯ ಮುಂದೆ ಹಾದುಹೋಗುವಾಗ ರಾಶಿ ಎಷ್ಟು ಎತ್ತರವಿದೆ ಎಂದು ನೋಡದೆ ಇರಲು ಆಗುತ್ತಿರಲಿಲ್ಲ.

ಇಷ್ಟಾದರೂ ಒಂದು ವಿಷಯದಲ್ಲಿ ನಾನು ನಿಶ್ಚಿಂತನಾಗಿದ್ದೆ. ಮಾತು. ಅದು ನನ್ನದು. ಚರ್ಚಿನ ಸಭೆಯ ಕಾರ್ಯದರ್ಶಿ ನಾನು, ಭಾನುವಾರ ವಾಕ್ಯ ಓದುವವನು ನಾನು, ಮದುವೆ ಮನೆಯಲ್ಲಿ ಹಾರೈಸಲು, ಸಾವಿನ ಮನೆಯಲ್ಲಿ ಸಮಾಧಾನ ಹೇಳಲು ಎಲ್ಲರೂ ಹುಡುಕಿಕೊಂಡು ಬರುತ್ತಿದ್ದದ್ದು ನನ್ನನ್ನೇ. ನಾನು ಪ್ರಾರ್ಥನೆಗೆ ನಿಂತರೆ ಹಳೆಗನ್ನಡದ ಎರಡು ಪದವಾದರೂ ಬೀಳಲೇಬೇಕು.

ನಮ್ಮಲ್ಲಿ ಶುಭ ಶುಕ್ರವಾರದ ದಿನ ಹನ್ನೆರಡರಿಂದ ಮೂರು ಗಂಟೆಯವರೆಗೆ ಆರಾಧನೆ. ಅಷ್ಟು ಹೊತ್ತೂ ಊಟವಿಲ್ಲ, ನೀರಿಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳನ್ನು ಹಿಡಿದು ಏಳು ಜನ ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಬೇಕು. ಮೊದಲನೆಯದು ಕ್ಷಮೆಯ ಮಾತು, ಐದನೆಯದು ದಾಹದ ಮಾತು, ಹೀಗೆ. ದೊಡ್ಡ ಊರುಗಳಲ್ಲಿ ಬೇರೆ ಬೇರೆ ಅಯ್ಯನವರನ್ನು, ಎಂದರೆ ಪಾದ್ರಿಗಳನ್ನು, ಕರೆಸುತ್ತಾರೆ. ನಮ್ಮದು ಬಡ ಸಭೆ. ತಿಂಗಳಿಗೊಮ್ಮೆ ಬರುವ ಒಬ್ಬರೇ ಅಯ್ಯನವರು. ಹಾಗಾಗಿ ಸಭೆಯವರೇ ಮಾತುಗಳನ್ನು ಹಂಚಿಕೊಳ್ಳುತ್ತಿದ್ದೆವು. ಯಾರಿಗೆ ಯಾವ ಮಾತು ಎಂಬ ಪಟ್ಟಿ ಬರೆಯುತ್ತಿದ್ದವನು ಕಾರ್ಯದರ್ಶಿ. ಕಾರ್ಯದರ್ಶಿ ಯಾರು ಎಂದು ಮತ್ತೆ ಹೇಳಬೇಕಾಗಿಲ್ಲ. ಕ್ಷಮೆಯ ಮಾತು ಪ್ರತಿ ವರ್ಷವೂ ನನ್ನದೇ. ಮೊದಲು ಏಳುವವನ ಮಾತನ್ನು ಜನ ನಿದ್ದೆಯಿಲ್ಲದೆ ಕೇಳುತ್ತಾರೆ ಎಂಬ ಲೆಕ್ಕಾಚಾರ ಅದರಲ್ಲಿತ್ತು. 'ನನಗೆ ದಾಹವಾಗಿದೆ' ಎಂಬ ಎರಡೇ ಪದದ ದಾಹದ ಮಾತು ಯಾರಿಗೂ ಬೇಡ. ಎರಡು ಗಂಟೆಯ ಉರಿಬಿಸಿಲು, ಅರ್ಧ ಜನ ತೂಕಡಿಸುತ್ತಿರುತ್ತಾರೆ, ಅಷ್ಟು ಚಿಕ್ಕ ಮಾತಿನ ಮೇಲೆ ಹೇಳುವುದಾದರೂ ಏನು?

ಅರವತ್ತರ ದಶಕದ ನಡುವಿನ ಒಂದು ವರ್ಷ. ದಾಹದ ಮಾತಿಗೆ ಒಪ್ಪಿಕೊಂಡಿದ್ದವರಿಗೆ ಜ್ವರ ಬಂತು. ಯಾರಾದರೂ ಆದೀತು ಎಂದು ನಾನೇ ಕಂಪೌಂಡರ ಹೆಸರು ಗೀಚಿದೆ. ಈ ಮನುಷ್ಯ ಎದ್ದು ನಿಂತು ತೊದಲುವುದನ್ನು ನೋಡೋಣ ಎಂಬ ಆಸೆಯೂ ಎಲ್ಲೋ ಇತ್ತು. ಸುಳ್ಳು ಯಾಕೆ ಹೇಳಲಿ?

ನಾನು ಮೊದಲು ಎದ್ದೆ. ಅರ್ಧ ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಬೀಸಣಿಗೆಗಳು ಆಡುತ್ತಲೇ ಇದ್ದವು, ಮಗುವೊಂದು ಅಳುತ್ತಿತ್ತು, ಅದಕ್ಕೆ ನಾನೇನು ಮಾಡಲಿ? ಎರಡು ಗಂಟೆಯ ಹೊತ್ತಿಗೆ ಕಂಪೌಂಡರು ಎದ್ದರು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಹೀಗೆ ಹೇಳಿದರು.

"ದೊಡ್ಡಾಸ್ಪತ್ರೇಲಿದ್ದಾಗ ಒಬ್ಬಳು ಮುದ್ಕಿಗೆ ಹೊಟ್ಟೆ ಆಪರೇಷನ್ ಆಗಿತ್ತು. ನೀರು ಕೊಡ್ಬಾರದು ಅಂತ ಡಾಕ್ಟ್ರು ಹೇಳಿದ್ರು. ಕೊಟ್ರೆ ಸಾಯ್ತಾಳೆ. ಆಕೆ ನನ್ನ ನೋಡಿದಾಗೆಲ್ಲಾ ಮಗಾ ಒಂದು ಗುಟುಕು, ಮಗಾ ಒಂದು ಗುಟುಕು ಅನ್ನೋಳು. ನಾನು ಆ ಮಂಚದ ತಾವ ಹೋಗಾದೇ ಬಿಟ್ಬಿಟ್ಟೆ. ಆಮ್ಯಾಕೆ ಸಿಸ್ಟರಮ್ಮ ಒಬ್ರು ತೋರ್ಸಿಕೊಟ್ರು. ಹತ್ತಿ ಅದ್ದಿ ತುಟಿಗೆ ಒತ್ತಬೋದು, ಅಷ್ಟು ಮಾಡಬೋದು ಅಂತ. ಒತ್ತಿದೆ. ಆಕೆ ಹತ್ತೀನ ಕಚ್ಕೊಂಡ್ಬಿಟ್ಲು, ಬಿಡ್ಲೇ ಇಲ್ಲ. ನನ್ನ ಕೈ ಹಿಡ್ಕೊಂಡು ಅತ್ಲು..."

ಅಲ್ಲಿಗೆ ನಿಲ್ಲಿಸಿದರು. ಬೀಸಣಿಗೆಗಳೂ ನಿಂತಿದ್ದವು.

"ಶಿಲುಬೆ ಮ್ಯಾಲೆ ಸ್ವಾಮಿ ತುಟೀಗೂ ಯಾವನೋ ಒಬ್ಬ ಏನೋ ಅದ್ದಿ ಒತ್ತಿದ್ನಂತೆ. ಅವನ ಹೆಸ್ರು ಯಾರಿಗೂ ಗೊತ್ತಿಲ್ಲ. ಅವನ ಕೆಲಸ ನಂಗೆ ಸಿಕ್ಕೈತೆ. ಅಷ್ಟೇ ನಾನು ಹೇಳಾದು."

ಕೂತುಬಿಟ್ಟರು. ಎರಡು ನಿಮಿಷವೂ ಆಗಿರಲಿಲ್ಲ. ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು ಬಂತು. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಸ್ವಂತ ತಾಯಿ, ನನ್ನ ಅರ್ಧ ಗಂಟೆಯ ಉದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಮನೆಗೆ ಬಂದು ಗಂಜಿಯ ಮುಂದೆ ಕೂತಾಗ ನನ್ನ ಹೆಂಡತಿ, "ಕಂಪೌಂಡರು ಎಷ್ಟು ಚೆನ್ನಾಗಿ ಮಾತಾಡಿದ್ರು ಅಲ್ವಾ" ಎಂದಳು.

"ಹೂಂ. ನಂದು?"

"ನಿಮ್ದೂ ಚೆನ್ನಾಗಿತ್ತು. ವಸಿ ಉದ್ದ ಆಯ್ತು."

ಆ ವರ್ಷವೆಲ್ಲಾ ಜನ ಹತ್ತಿಯ ವಿಷಯ ಮಾತಾಡಿದರು. ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ನನ್ನ ಶಾಲೆಯ ಜಗುಲಿಯ ಮೇಲೆ. ನನ್ನ ತಾಯಿಯಂತೂ ಮಂಡಿನೋವಿನ ಔಷಧಿಗೆ ಹೋದಾಗೆಲ್ಲ ಆ ಮುದುಕಿ ಆಮೇಲೆ ಬದುಕಿದಳೋ ಇಲ್ಲವೋ ಎಂದು ಅವರನ್ನೇ ಕೇಳಿಕೊಂಡು ಬರುತ್ತಿದ್ದಳು. ನನ್ನ ಕ್ಷಮೆಯ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಹತ್ತು ವರ್ಷ ಕ್ಷಮೆಯ ಮೇಲೆ ಮಾತಾಡಿದವನಿಗೆ ಎರಡು ನಿಮಿಷ ಮಾತಾಡಿದವನನ್ನು ಕ್ಷಮಿಸಲು ಆಗಲಿಲ್ಲ.

ಮರುವರ್ಷ, ಶುಭ ಶುಕ್ರವಾರಕ್ಕೆ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಇನ್ನೂ ವಾರವಿತ್ತು. ಶಾಲೆ ಬಿಟ್ಟ ಮೇಲೆ ಕಂಪೌಂಡರು ನನ್ನ ಮೇಜಿನ ಹತ್ತಿರ ಬಂದು ನಿಂತರು. ಮುಖದಲ್ಲಿ ಎಂದೂ ಕಾಣದ ಒಂದು ಉತ್ಸಾಹವಿತ್ತು.

"ಸಾರ್, ಈ ಸಾರ್ತಿ ನಂಗೆ ಯಾವ ಮಾತು?"

ಪಟ್ಟಿ ನನ್ನ ಮುಂದೆಯೇ ಇತ್ತು. ಐದನೆಯ ಮಾತಿನ ಎದುರಿಗೆ ಅದಾಗಲೇ ನನ್ನ ಹೆಸರು ಬರೆದುಕೊಂಡಿದ್ದೆ. ಜನರನ್ನು ಅಳಿಸಿದ್ದು ಆ ಮಾತಿನ ಗುಣ, ಮನುಷ್ಯನದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಕ್ಷಮೆಯ ಮಾತನ್ನು ನನ್ನ ಹೆಂಡತಿಯ ಅಣ್ಣನಿಗೆ ದಾಟಿಸಿದ್ದೆ. ಕಂಪೌಂಡರ ಹೆಸರು ಎಲ್ಲಿಯೂ ಇರಲಿಲ್ಲ.

ಪಟ್ಟಿ ತುಂಬಿದೆ ಎಂದಿದ್ದರೆ ಸಾಕಾಗಿತ್ತು. ನಾನು ಅಷ್ಟಕ್ಕೆ ಬಿಡಲಿಲ್ಲ. "ನೋಡಿ, ಬೇಜಾರು ಮಾಡ್ಕೋಬೇಡಿ" ಎಂದು ಶುರುಮಾಡಿದೆ. "ಹೋದ ವರ್ಷ ನೀವು ಮಾತಾಡಿದ್ದು ಕೆಲವರಿಗೆ ಸರಿಬರಲಿಲ್ಲ. ದೇವರ ಸನ್ನಿಧಿಯಲ್ಲಿ ಆಸ್ಪತ್ರೆ, ಆಪರೇಷನ್ನು ಅಂತ... ನನ್ನ ಹತ್ತಿರ ಬಂದು ಹೇಳಿದ್ರು. ಪ್ರಾರ್ಥನೆ, ಪ್ರಸಂಗ ಇವೆಲ್ಲ ಎಲ್ಲರಿಗೂ ಬರುವಂಥದ್ದಲ್ಲ ನೋಡಿ. ನಿಮಗೆ ದೇವರು ಬೇರೆ ವರ ಕೊಟ್ಟಿದಾನೆ."

ಹಾಗೆ ಯಾರೂ ಹೇಳಿರಲಿಲ್ಲ. ಒಬ್ಬರೂ.

ಅವರ ಮುಖದ ಉತ್ಸಾಹ ಹೋಯಿತು. ಕೋಪ ಬರಲಿಲ್ಲ. ಹಾಗೆ ಬಂದಿದ್ದರೆ ನನಗೂ ಜಗಳವಾಡಿ ಹಗುರಾಗಬಹುದಿತ್ತು. "ಹೌದಾ ಸಾರ್... ಯೋಳಿದ್ದು ಒಳ್ಳೇದಾಯ್ತು. ಆಸ್ಪತ್ರೆ ಬಿಟ್ರೆ ನಂಗೆ ಬೇರೆ ಏನೂ ಗೊತ್ತೇ ಇಲ್ಲ" ಎಂದರು. ಯಾರು ಹಾಗೆ ಹೇಳಿದವರು ಎಂದು ಕೇಳಲಿಲ್ಲ. ಬಾಗಿಲಲ್ಲಿ ತಿರುಗಿ, "ಜನಕ್ಕೆ ನನ್ನ ಕಡೆಯಿಂದ ತಪ್ಪಾಯ್ತು ಅಂತ ಯೋಳ್ಬಿಡಿ ಸಾರ್" ಎಂದು ಹೋದರು.

ಆ ಶುಕ್ರವಾರದ ಕಥೆ ಹೇಳಲು ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ದಾಹದ ಮಾತು ಆಡುವವನ ನಾಲಿಗೆ ನಿಜವಾಗಿಯೂ ಒಣಗಿರಬೇಕು, ಸ್ವರ ಒಡೆದು ಬರಬೇಕು, ಆಗ ಜನರ ಎದೆ ಕರಗುತ್ತದೆ ಎಂದು ನಾನು ತೀರ್ಮಾನಿಸಿದ್ದೆ. ಅದಕ್ಕಾಗಿ ಗುರುವಾರ ಸಂಜೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಆರಾಧನೆ ಮುಗಿದ ಮೇಲೆ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಹೆಂಡತಿಗೆ ಗೊತ್ತಾಗಿ, "ಇದೇನ್ರಿ ಹುಚ್ಚು, ಏಪ್ರಿಲ್ ಬಿಸಿಲಲ್ಲಿ" ಎಂದಳು. ಭಕ್ತಿ ಎಂದೆ. ಅವಳು ಮೂಗು ಮುರಿದಳು. ಅವಳಿಗೆ ನನ್ನ ಭಕ್ತಿ ಎಷ್ಟಿದೆ ಎಂಬುದು ಮದುವೆಯಾದ ಹೊಸದರಲ್ಲೇ ತಿಳಿದಿತ್ತು.

ಎರಡು ಗಂಟೆಗೆ ಎದ್ದು ನಿಂತೆ. ಮೊದಲ ವಾಕ್ಯ ಹೇಳಿದೆ. ನಾನೆಣಿಸಿದಂತೆಯೇ ಸ್ವರ ಒಡೆಯಿತು. ಜನ ತಲೆಯೆತ್ತಿದರು. ಆಹಾ, ಬಂತು ಎಂದುಕೊಂಡೆ. ಎರಡನೆಯ ವಾಕ್ಯಕ್ಕೆ ಬಾಯಿ ತೆರೆದದ್ದು ನೆನಪಿದೆ. ಆಮೇಲೆ ಹಂಚುಗಳೆಲ್ಲ ಒಂದು ಕಡೆಗೆ ವಾಲಿದವು...

ಕಣ್ಣು ಬಿಟ್ಟಾಗ ನೆಲದ ಮೇಲೆ ಮಲಗಿದ್ದೆ. ತುಟಿಗೆ ಏನೋ ತಣ್ಣಗೆ, ಒದ್ದೆಯಾಗಿ ತಾಗುತ್ತಿತ್ತು. ನನ್ನ ತಲೆ ಕಂಪೌಂಡರ ತೊಡೆಯ ಮೇಲಿತ್ತು. ಚಿಕ್ಕ ಮಕ್ಕಳಿಗೆಂದು ಬಾಗಿಲ ಬಳಿ ಇಟ್ಟಿದ್ದ ಹೂಜಿಯ ನೀರಿನಲ್ಲಿ ಹತ್ತಿ ಅದ್ದಿ ಅದ್ದಿ ಅವರು ನನ್ನ ತುಟಿಗೆ ಒತ್ತುತ್ತಿದ್ದರು. "ಒಂದೇ ಸಲ ಕುಡೀಬೇಡಿ ಸಾರ್, ನೆತ್ತಿಗೇರುತ್ತೆ" ಎಂದರು. ಸುತ್ತಲೂ ಜನ ಅಳುತ್ತಿದ್ದರು. ನನಗಾಗಿ ಅಳುತ್ತಿದ್ದಾರೆ ಎಂದು ಒಂದು ಕ್ಷಣ ಹಿತವಾಯಿತು. ಆಮೇಲೆ ನೋಡಿದರೆ ಅವರೆಲ್ಲರ ಕಣ್ಣು ಇದ್ದದ್ದು ಆ ಹತ್ತಿಯ ಮೇಲೆ. ಹೋದ ವರ್ಷ ಕಿವಿಯಲ್ಲಿ ಕೇಳಿದ್ದನ್ನು ಈ ವರ್ಷ ಕಣ್ಣಾರೆ ಕಂಡಂತಾಗಿತ್ತು ಅವರಿಗೆ.

ನೆಲದ ಮೇಲೆ ಬಿದ್ದವನು, ಜೀವ ಉಳಿಸಿದವನ ತೊಡೆಯ ಮೇಲೆ ತಲೆಯಿಟ್ಟವನು, ನಾನು ಆಗ ಅಂದುಕೊಂಡದ್ದು ಇಷ್ಟೇ. ಈ ಸಲವೂ ಇವನೇ ಹೊಡೆದುಕೊಂಡ.

ಅದಾದ ಮೇಲಿನ ವರ್ಷಗಳಲ್ಲಿ ನಾನು ಪ್ರತಿ ಸಲವೂ ಪಟ್ಟಿಯಲ್ಲಿ ಐದನೆಯ ಮಾತಿಗೆ ಅವರ ಹೆಸರು ಬರೆದೆ. ಪಶ್ಚಾತ್ತಾಪ ಎಂದು ತಿಳಿಯಬೇಡಿ. ಅಯ್ಯನವರೇ ಅವರಿಗೆ ಕೊಡಿ ಎಂದು ಹೇಳಿದ್ದರು. ಕಂಪೌಂಡರು ಪ್ರತಿ ಸಲವೂ ಕೈಮುಗಿದು ಬೇಡ ಎನ್ನುತ್ತಿದ್ದರು. ಅಯ್ಯನವರು ಕೇಳಿದರೂ ಇಲ್ಲ, ಹಿರಿಯರು ಕೇಳಿದರೂ ಇಲ್ಲ. ಅವರು ಬೇಡ ಎಂದಾಗೆಲ್ಲ ನನಗೆ ಒಳಗೊಳಗೆ ನಿರಾಳವಾಗುತ್ತಿತ್ತು. ಕೇಳುವ ಕರ್ತವ್ಯ ಮಾಡಿದೆ, ಅವರೇ ಒಪ್ಪಲಿಲ್ಲ ಎಂದು ಕೈತೊಳೆದುಕೊಳ್ಳುತ್ತಿದ್ದೆ. ಜನಕ್ಕೆ ನಿಮ್ಮ ಮಾತು ಇಷ್ಟವಾಗಿತ್ತು ಎಂದು ಒಂದೇ ಒಂದು ವಾಕ್ಯ ಹೇಳಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಆ ವಾಕ್ಯದ ಹಿಂದೆಯೇ ನನ್ನ ಸುಳ್ಳೂ ಹೊರಗೆ ಬರಬೇಕಿತ್ತು. ಮೇಷ್ಟ್ರು ಸುಳ್ಳುಗಾರ ಎಂದು ಕೇರಿಗೆಲ್ಲ ಗೊತ್ತಾಗುವುದು ನನಗೆ ಬೇಕಿರಲಿಲ್ಲ. ತಿಂಗಳು ತಿಂಗಳೂ ಅದೇ ಬಾಯಲ್ಲಿ ಪ್ರಭುಭೋಜನ ತೆಗೆದುಕೊಂಡೆ.

ಈ ನಡುವೆ ಕಂಪೌಂಡರ ಹೆಂಡತಿಗೆ ಎದೆಯ ಕಾಯಿಲೆ ಆಯಿತು. ತೆಳ್ಳಗೆ, ಮೆಲು ಮಾತಿನ ಹೆಂಗಸು. ಮಕ್ಕಳಿರಲಿಲ್ಲ. ಒಂದು ಸಂಜೆ, ಹಸುಗಳು ಕೆರೆಯಿಂದ ಮನೆಗೆ ಬರುವ ಹೊತ್ತು, ಕಂಪೌಂಡರು ನಮ್ಮ ಗೇಟಿನ ಬಳಿ ಬಂದು ನಿಂತರು. "ಸಾರ್, ವಸಿ ಬರ್ತೀರಾ? ಆಕೆ ಪ್ರಾರ್ಥನೆ ಕೇಳ್ತಾ ಅವ್ಳೆ" ಎಂದರು.

ಹೋದೆ. ದವಾಖಾನೆಯ ಹಿಂದಿನ ಕೋಣೆಯಲ್ಲಿ ಆಕೆ ಚಾಪೆಯ ಮೇಲೆ ಮಲಗಿದ್ದರು. ನನ್ನನ್ನು ನೋಡಿ, ಆಮೇಲೆ ಗಂಡನನ್ನು ನೋಡಿ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಕಂಪೌಂಡರು ತಲೆ ಅಲ್ಲಾಡಿಸಿ ನನ್ನ ಕಡೆಗೆ ಕೈ ತೋರಿಸಿದರು. ನಾನು ಮಂಡಿಯೂರಿ ಪ್ರಾರ್ಥನೆ ಮಾಡಿದೆ. ಅಂಥ ಪ್ರಾರ್ಥನೆ ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಪದಗಳು ತಾವಾಗಿಯೇ ಬಂದವು. ಮುಗಿಸಿ ಕಣ್ಣುಬಿಟ್ಟಾಗ ಆಕೆ ಇನ್ನೂ ಗಂಡನ ಮುಖವನ್ನೇ ನೋಡುತ್ತಿದ್ದರು. ಮರುದಿನ ಮಧ್ಯಾಹ್ನ ತೀರಿಕೊಂಡರು. ಆ ಸಂಜೆ ಮನೆಗೆ ನಡೆದು ಬರುವಾಗ ನನ್ನ ಎದೆ ಉಬ್ಬಿತ್ತು ಎಂಬುದನ್ನು ಬರೆಯಲೇಬೇಕು. ಅವರೇ ಬಂದು ಕರೆದರಲ್ಲ, ಯಾರಿಗೆ ಯಾವುದು ಬರುತ್ತದೆ ಎಂದು ಕೊನೆಗೂ ಒಪ್ಪಿಕೊಂಡರಲ್ಲ, ಅಷ್ಟು ಸಾಕು ಎಂದುಕೊಂಡೆ.

ಎಪ್ಪತ್ತರ ದಶಕದ ಶುರುವಿನಲ್ಲಿ ಮಿಷನ್ನಿನವರು ದವಾಖಾನೆ ಮುಚ್ಚಲು ನಿರ್ಧರಿಸಿದರು. ಕಂಪೌಂಡರು ಕೋಲಾರದ ಕಡೆ ತಂಗಿಯ ಮನೆಗೆ ಹೊರಟರು. ಈಸ್ಟರ್ ಮುಗಿಸಿಕೊಂಡು ಹೋಗುವುದೆಂದಾಯಿತು. ಶುಕ್ರವಾರಕ್ಕೆ ಎರಡು ದಿನ ಮುಂಚೆ ನಾನು ಪಟ್ಟಿ ಹಿಡಿದು ದವಾಖಾನೆಗೆ ಹೋದೆ. ಇದು ಕೊನೆಯ ವರ್ಷ, ಒಂದು ಸಲ ಕೇಳಿದೆನೆಂದಾಗಲಿ ಎಂದು. ಅವರು ನೆಲದ ಮೇಲೆ ಕೂತು ಔಷಧಿಯ ಖಾಲಿ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದರು.

"ಬೇಡಿ ಸಾರ್" ಎಂದರು, ಎಂದಿನಂತೆ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. "ನಿಮಗೊಂದು ಮಾತು ಯೋಳ್ಬೇಕು ಅಂತಿದ್ದೆ. ಅವತ್ತು ನೀವು ಸಂಕೋಚ ಬಿಟ್ಟು ಯೋಳಿದ್ರಲ್ಲಾ, ದೊಡ್ಡ ಉಪಕಾರ ಆಯ್ತು. ಬೇರೆಯೋರಾಗಿದ್ರೆ ಬೆನ್ನ ಹಿಂದೆ ನಕ್ಕೊಂಡು ಸುಮ್ನಾಗಿರೋರು. ನಾನೂ ವರ್ಷಾ ವರ್ಷಾ ನಿಂತ್ಕೊಂಡು ಜನಕ್ಕೆ ಬೇಜಾರು ಮಾಡ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಥ್ಯಾಂಕ್ಸನ್ನು ತಡೆದುಕೊಳ್ಳಲು ಆಗಲಿಲ್ಲ. ಪೆಟ್ಟಿಗೆಯೊಂದರ ಮೇಲೆ ಕೂತೆ.

"ಯಾರೂ ಹೇಳಿರಲಿಲ್ಲ ಕಣ್ರೀ" ಎಂದೆ.

"ಏನು ಸಾರ್?"

"ಬೇಜಾರಾಯ್ತು ಅಂತ ಯಾರೂ ಹೇಳಿರಲಿಲ್ಲ. ಎಲ್ಲರೂ ಅತ್ತರು. ನಮ್ಮಮ್ಮನೂ ಅತ್ತಳು. ನಾನೇ ಕಟ್ಟಿ ಹೇಳಿದ್ದು. ನನಗೆ ಹೊಟ್ಟೆಕಿಚ್ಚು ಬಂದಿತ್ತು."

ಅವರು ಕೈಯಲ್ಲಿದ್ದ ಬಾಟಲಿಗೆ ಹುಲ್ಲು ಸುತ್ತುತ್ತಲೇ ಇದ್ದರು. ಸುತ್ತಿ ಮುಗಿಸಿ, ಪೆಟ್ಟಿಗೆಯೊಳಗೆ ಇಟ್ಟು, ಇನ್ನೊಂದನ್ನು ಎತ್ತಿಕೊಂಡರು. ಕ್ಷಮಿಸಿದರು ಎಂದೇ ನಾನು ತಿಳಿದೆ. ಅವರ ಸ್ವಭಾವವೇ ಹಾಗಲ್ಲವೇ, ಹೋಗಲಿ ಬಿಡಿ ಸಾರ್ ಎನ್ನುತ್ತಾರೆ, ನಾನು ಹಗುರಾಗಿ ಮನೆಗೆ ಹೋಗುತ್ತೇನೆ ಎಂದು ಕಾದೆ.

"ಹಂಗಾರೆ ಆಕೆ..." ಎಂದು ನಿಲ್ಲಿಸಿದರು. ಬಾಟಲಿಯನ್ನು ನೆಲಕ್ಕೆ ಇಟ್ಟರು.

"ಆಕೆ ಕೇಳಿದ್ಲು ಸಾರ್. ನಿಮ್ಮನ್ನ ಕರ್ಕೊಂಡೋದ ದಿನ ಬೆಳಗ್ಗಿಂದ ಕೇಳ್ತಾನೇ ಇದ್ಲು. ನೀವು ಮಾಡ್ರಿ ಪ್ರಾರ್ಥನೆ, ನಿಮ್ಮ ಬಾಯಲ್ಲಿ ಕೇಳ್ಬೇಕು ಅಂತ. ನಂಗೆ ಬರಲ್ಲ ಕಣೇ, ಜನ ನಗ್ತಾರೆ, ಮೇಷ್ಟ್ರು ಚೆನ್ನಾಗಿ ಮಾಡ್ತಾರೆ ಅಂತಂದೆ. ನೀವು ಬಂದಾಗ್ಲೂ ಅದ್ನೇ ಕೇಳಿದ್ಲು. ಬೇಡ ಅಂದ್ಬಿಟ್ಟೆ. ನೀವು ಯೋಳಿದ ಮ್ಯಾಕೆ ನಾನು ಯಾರ ಮುಂದೆಯೂ ಬಾಯಿಬಿಟ್ಟು ಪ್ರಾರ್ಥನೆ ಮಾಡಿಲ್ಲ ಸಾರ್. ಮನೇಲಿ ಊಟಕ್ಕೆ ಮುಂಚೇನೂ ಇಲ್ಲ."

ನಾನು ಕೈಯಲ್ಲಿದ್ದ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಅವರು ಎದ್ದು ನಿಂತರು. ಗೋಡೆಯ ಕಡೆ ಮುಖ ತಿರುಗಿಸಿದರು. "ಹೋಗಿ ಸಾರ್" ಎಂದರು. ಆಮೇಲೆ ಇನ್ನೂ ಜೋರಾಗಿ, ಅವರ ಬಾಯಿಂದ ನಾನೆಂದೂ ಕೇಳದ ಸ್ವರದಲ್ಲಿ, "ಎದ್ದೋಗಿ ಸಾರ್ ಇಲ್ಲಿಂದ!"

ಎದ್ದು ಬಂದೆ. ದಾರಿಯಲ್ಲಿ ನನ್ನ ಶಾಲೆಯ ಮುಂದೆ ನಿಂತು ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ಹೊಡೆದು ಹಾಕಿ, ಕ್ಷಮೆಯ ಮಾತನ್ನು ಅಯ್ಯನವರಿಗೇ ಬರೆದೆ. ಐದನೆಯ ಮಾತಿನ ಎದುರಿಗೆ ಏನೂ ಬರೆಯಲಿಲ್ಲ.

ಶುಕ್ರವಾರ ಅವರು ಬರುತ್ತಾರೋ ಇಲ್ಲವೋ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಬಂದರು. ಎಲ್ಲರಿಗಿಂತ ಹಿಂದೆ ಕೂತರು. ನಾಲ್ಕು ಮಾತುಗಳು ಮುಗಿದವು. ಅಯ್ಯನವರು ಐದನೆಯ ಮಾತು ಎಂದು ಕರೆದರು. ಯಾರೂ ಏಳಲಿಲ್ಲ. ಅಯ್ಯನವರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಹಿಂದೆ ಚಾಪೆ ಸರಿದ ಸದ್ದಾಯಿತು. ತಿರುಗಿ ನೋಡಿದೆ. ಕಂಪೌಂಡರು ಎದ್ದು ನಿಂತಿದ್ದರು. ಮುಂದಕ್ಕೆ ಬರಲಿಲ್ಲ, ಇದ್ದಲ್ಲೇ ನಿಂತು ಕಣ್ಣು ಮುಚ್ಚಿದರು. ಪ್ರಸಂಗ ಮಾಡಲಿಲ್ಲ, ಪ್ರಾರ್ಥನೆ ಮಾಡಿದರು. ವರ್ಷಗಳಿಂದ ಮುಚ್ಚಿದ್ದ ಬಾಯಿ, ಒಂದೊಂದು ಪದವೂ ತಡವರಿಸುತ್ತಿತ್ತು.

"ಸ್ವಾಮೀ... ಮೇಷ್ಟ್ರು ಅವ್ರೆ ಇಲ್ಲಿ. ಅವರ ಹೊಟ್ಟೇಲಿ ಉರೀತಾ ಐತೆ. ಅದನ್ನ ಆರ್ಸಪ್ಪಾ. ನಂದೂ ಉರೀತಾ ಐತೆ. ನಂಗೆ ಇನ್ನೂ ಆಗ್ತಿಲ್ಲ ಸ್ವಾಮಿ... ಅವರ ಮೇಲೆ ಕೋಪ ಬಿಡಕ್ಕೆ ಆಗ್ತಿಲ್ಲ. ನನ್ನ ಕೈಲಾಗಿದ್ದು ಇಷ್ಟೇ, ಅವರ ಹೆಸರು ಯೋಳಾದು. ಮಿಕ್ಕಿದ್ದು ನೀನೇ ಮಾಡು."

ಆಮೆನ್ ಎನ್ನಲು ಜನ ಹಿಂದುಮುಂದು ನೋಡಿದರು. ಮೊದಲು ಆಮೆನ್ ಎಂದದ್ದು ನಾನು. ಎಲ್ಲರೂ ತಿರುಗಿ ನೋಡಿದರು. ನಾನು ಎದ್ದು, ನನ್ನ ಸುಳ್ಳನ್ನು ಮೂರು ವಾಕ್ಯಗಳಲ್ಲಿ ಹೇಳಿ ಕೂತೆ. ಜೀವನದಲ್ಲಿ ನಾನು ಮಾಡಿದ ಅತಿ ಚಿಕ್ಕ ಪ್ರಸಂಗ ಅದು. ಯಾರೂ ಅಳಲಿಲ್ಲ. ನನ್ನ ಹೆಂಡತಿ ಮಾತ್ರ ಮನೆಗೆ ಹೋದ ಮೇಲೆ ಗಂಜಿ ಬಡಿಸುತ್ತಾ, "ಈವತ್ತು ಉದ್ದ ಆಗ್ಲಿಲ್ಲ" ಎಂದಳು.

ಈಸ್ಟರ್ ಆದ ಮರುದಿನ ಬೆಳಗ್ಗೆ ಕೋಲಾರದ ಬಸ್ಸಿಗೆ ಅವರ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಬೇಡ ಎನ್ನಲಿಲ್ಲ. ಬಸ್ಸು ಬರುವವರೆಗೂ ಇಬ್ಬರೂ ರಸ್ತೆ ನೋಡುತ್ತಾ ನಿಂತಿದ್ದೆವು. ಹತ್ತುವಾಗ, "ನೀರು ಕುಡೀರಿ ಸಾರ್, ಬಿಸಿಲು ಜಾಸ್ತಿ" ಎಂದರು. ಅಷ್ಟೇ. ಅದು ಕ್ಷಮೆಯೋ, ಕಂಪೌಂಡರು ಯಾರಿಗಾದರೂ ಹೇಳುವ ಮಾತೋ, ನನಗೆ ಗೊತ್ತಾಗಲಿಲ್ಲ. ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಆ ಕಡೆಯ ಮದುವೆಯೊಂದರಲ್ಲಿ ಅವರ ತಂಗಿ ಸಿಕ್ಕರು. ಅಣ್ಣ ಹೋಗಿ ಎಂಟು ತಿಂಗಳಾಯಿತು ಎಂದರು. ಕೊನೆಯ ದಿನಗಳಲ್ಲಿ ನನ್ನ ಹೆಸರು ಏನಾದರೂ ಎತ್ತಿದ್ದರೋ ಎಂದು ಕೇಳಬೇಕೆಂದಿದ್ದೆ. ಧೈರ್ಯ ಬರಲಿಲ್ಲ, ಕೇಳದೆಯೇ ಬಂದೆ.

ಲ್ಯಾಬಿನ ಹುಡುಗಿ ರಕ್ತ ತೆಗೆದು, ಚುಚ್ಚಿದ ಕಡೆ ಹತ್ತಿ ಇಟ್ಟು, ಒತ್ತಿ ಹಿಡಿದುಕೊಳ್ಳಿ ತಾತ ಎಂದು ಹೇಳಿ ಮುಂದಿನವರನ್ನು ಕರೆದಳು. ನಾನು ಹೊರಗಿನ ಬೆಂಚಿನ ಮೇಲೆ ಬಂದು ಕೂತೆ. ಈಗ ನಾನು ಹೊಟ್ಟೆಕಿಚ್ಚು ಪಡಬೇಕಾದವರು ಯಾರೂ ಉಳಿದಿಲ್ಲ. ಕಂಪೌಂಡರೂ ಇಲ್ಲ, ನನ್ನ ಉದ್ದದ ಮಾತಿಗೆ ಮೂಗು ಮುರಿಯುತ್ತಿದ್ದವಳೂ ಇಲ್ಲ. ಕೇರಿಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಈಗಲೂ ಪ್ರಾರ್ಥನೆಗೆ ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ. ಮಂಡಿಯೂರುವ ಮೊದಲು, ಯಾರ ಬಾಯಿಂದ ಕೇಳಬೇಕು ನಿಮಗೆ ಎಂದು ಮಲಗಿದವರನ್ನು ಕೇಳುತ್ತೇನೆ. ಅವರು ಗಂಡನ ಕಡೆಗೋ ಮಗಳ ಕಡೆಗೋ ಕೈ ತೋರಿಸಿದರೆ ಹಿಂದಕ್ಕೆ ಸರಿದು ನಿಲ್ಲುತ್ತೇನೆ. ಈಗಲೂ ಒಳಗೆ ಚುರುಕ್ಕೆನ್ನುತ್ತದೆ, ಆದರೂ ಸರಿದು ನಿಲ್ಲುತ್ತೇನೆ.

ಆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಹೆಂಗಸು ಗಂಡನ ಬಾಯಿಂದ ಒಂದೇ ಒಂದು ಪ್ರಾರ್ಥನೆ ಬಯಸಿದ್ದರು. ಆಕೆಗೆ ಅದು ಸಿಗಲಿಲ್ಲ. ಆ ಬಾಯಿ ಕೊನೆಗೆ ತೆರೆದಾಗ ಅದರಿಂದ ಮೊದಲು ಬಂದದ್ದು ನನ್ನ ಹೆಸರು. ಹೊಟ್ಟೆಕಿಚ್ಚು ಪಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಆಕೆಗೆ, ನನ್ನ ಮೇಲೆ.